ಕೈಗೆ ಬಂದ ವಿದ್ಯೆ ಕಾಗದಕ್ಕೂ ಬರಲಿ

ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದ್ರಿ.

ಮೂರು ವಾರದ ಹಿಂದೆ ನಮ್ಮಕ್ಕನ ಮಗನಿಗೆ ಕರೆಂಟ್ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ. ಬಲಗೈಯ ಎರಡು ಬೆರಳು ಸುಟ್ಟವು, ಹಿಂದಕ್ಕೆ ಬಿದ್ದು ತಲೆ ಗೋಡೆಗೆ ಬಡಿಯಿತು. ನೀರಮಾನ್ವಿಯಲ್ಲಿ ಮನೆಯ ಪಡಸಾಲೆಯಲ್ಲೇ ಅವನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮೊಬೈಲ್, ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಈಗೀಗ ಎಲ್‌ಇಡಿ ಟಿವಿ. ಅವತ್ತು ಒಂದು ಟಿವಿಯ ಪವರ್ ಸಪ್ಲೈ ಬೋರ್ಡ್ ಬಿಚ್ಚಿದ್ದ. ಎದುರಿಗೆ ಮೊಬೈಲ್ ನಿಲ್ಲಿಸಿಕೊಂಡು, ಒಂದು ಹಿಂದಿ ವಿಡಿಯೋ ನೋಡಿಕೊಂಡೇ ಕೆಲಸ ಮಾಡುತ್ತಿದ್ದ. ಪ್ಲಗ್ ತೆಗೆದಿದ್ದ. ಆದರೂ ಹೊಡೆಯಿತು.

ದವಾಖಾನೆಯಿಂದ ಬಂದ ಮೇಲೆ ಅವನು ಕೇಳಿದ ಮೊದಲ ಮಾತು ಇದು: "ಮಾಮಾ, ವಿಡಿಯೋದಾಗ ಅವ ಮಾಡಿದಂಗೇ ಮಾಡೀನಿ. ಪ್ಲಗ್ಗೂ ತಗದಿದ್ದೆ. ನಂಗ್ಯಾಕ ಹೊಡೀತು?"

ಆ ವಿಡಿಯೋ ನಾನೂ ಕೂತು ನೋಡಿದೆ. ಒಂಬತ್ತು ನಿಮಿಷದ್ದು. ಒಂದು ಕಡೆ ಬೋರ್ಡ್ ಮೇಜಿನ ಮೇಲಿದೆ, ಮರುಕ್ಷಣ ಅವನ ಕೈಯಲ್ಲಿದೆ. ನಡುವೆ ಒಂದು ಕಟ್. ನಮ್ಮ ಹುಡುಗನ ಬೆರಳು ಸುಟ್ಟಿದ್ದು ಆ ಕಟ್‌ನಲ್ಲಿ.

ವಿಷಯ ಇಷ್ಟೇ. ಮನೆಗೆ ಬರೋ 230 ವೋಲ್ಟ್ ಎಸಿ ಆ ಬೋರ್ಡಿನಲ್ಲಿ ಡಿಸಿ ಆಗಿ ಒಂದು ದಪ್ಪ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಸುಮಾರು 325 ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ತಕ್ಷಣ ಅದು ಖಾಲಿ ಆಗಲ್ಲ. ಬೋರ್ಡ್ ಚೆನ್ನಾಗಿದ್ದರೆ ಆ ಕರೆಂಟನ್ನು ಅದೇ ಎಳೆದುಕೊಂಡು ಬೇಗ ಖಾಲಿ ಮಾಡುತ್ತದೆ. ಬೋರ್ಡ್ ಕೆಟ್ಟಿದ್ದರೆ ಎಳೆದುಕೊಳ್ಳೋರು ಯಾರೂ ಇಲ್ಲ, ಹಾಗೇ ನಿಂತಿರುತ್ತದೆ. ಅಂದರೆ ರಿಪೇರಿಗೆ ಬಂದ ಬೋರ್ಡೇ ಹೆಚ್ಚು ಅಪಾಯ. ವಿಡಿಯೋ ಮಾಡಿದವನು ಅದನ್ನು ಖಾಲಿ ಮಾಡಿಯೇ ಕೈ ಹಾಕಿರಬೇಕು, ಇಲ್ಲಾಂದ್ರೆ ಅವನಿಗೂ ಹೊಡೆಯುತ್ತಿತ್ತು. ಅವನಿಗೆ ಅದು ಉಸಿರಾಡಿದಷ್ಟು ಅಭ್ಯಾಸ, ತೋರಿಸಬೇಕು ಅನ್ನಿಸಿಲ್ಲ. ನಮ್ಮ ಹುಡುಗನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಅವನಿಗೆ ಗೊತ್ತಿರಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ತಿಂಗಳು ಮಾನ್ವಿಯಲ್ಲಿ ಸಂಗಾತಿಗಳೆಲ್ಲ ಕೂತು ನಮ್ಮ ಕೇರಿಗಳ ಹುಡುಗರಿಗೆ ಕೈಕೆಲಸ ಕಲಿಸೋದು ಹೇಗೆ ಅಂತ ಮಾತಾಡಿದೆವು. ನಾನು ಪಾಠ ಬರೆದು ಅಚ್ಚು ಹಾಕಿಸೋಣ ಅಂದೆ. ಒಬ್ಬ ಗೆಳೆಯ ನಕ್ಕ. "ಪುಸ್ತಕ ಯಾರ್ ಓದ್ತಾರಣ್ಣ ಈಗ? ಎಲ್ಲಾ ಯೂಟ್ಯೂಬಿನಾಗ ಅದ. ಒಂದು ಪ್ರೊಜೆಕ್ಟರ್ ತರ್ರಿ ಸಾಕು." ಎಲ್ಲರೂ ಹೌದು ಅಂದರು. ನಾನೂ ತಲೆ ಆಡಿಸಿದೆ. ಅವತ್ತು ಆಡಿಸಿದ ತಲೆಯನ್ನು ಇವತ್ತು ವಾಪಸ್ ತಗೊಳ್ಳುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಸಮುದಾಯ ಭವನದಲ್ಲಿ ಭಾನುವಾರದ ರಿಪೇರಿ ಕ್ಲಾಸ್ ಶುರು ಮಾಡಿದ್ದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ 84 ಪುಟದ ಪುಸ್ತಿಕೆ. ಮೊದಲ ಪುಟದಲ್ಲೇ ಓಮನ ನಿಯಮ. ಕೆಪಾಸಿಟರ್‌ಗೆ ಧಾರಕ, ರೆಸಿಸ್ಟರ್‌ಗೆ ರೋಧಕ. ನನಗೆ ಬಹಳ ಹೆಮ್ಮೆ. ಹದಿನಾಲ್ಕು ಹುಡುಗರು ಬಂದರು. ನಾಲ್ಕನೇ ಭಾನುವಾರ ಮೂರು ಮಂದಿ ಉಳಿದಿದ್ದರು.

ಬಿಟ್ಟು ಹೋದವರಲ್ಲಿ ಒಬ್ಬ ಬೆಂಗಳೂರಿಗೆ ದುಡಿಯಲು ಹೋಗಿ, ಎರಡು ವರ್ಷದ ಮೇಲೆ ಹಬ್ಬಕ್ಕೆ ಬಂದಾಗ ಸಿಕ್ಕ. ಯಾಕಪ್ಪ ಬಿಟ್ಟಿ ಅಂದೆ. "ನೀ ಎಬ್ಬಿಸಿ ಓದು ಅಂದಿ ಅಣ್ಣ. ಏಳನೇತ್ತಕ್ಕ ನನ್ನ ಸಾಲಿ ಬಿಡಿಸಿದ್ರು. ಎಲ್ಲರ ಮುಂದ ತಡವರಿಸೋದಕ್ಕಿಂತ ಇಟ್ಟಂಗಿ ಹೊರೋದು ಛಲೋ ಅನ್ನಿಸ್ತು."

ಆ ಮಾತು ಇವತ್ತಿಗೂ ಚುಚ್ಚುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56. ರಾಜ್ಯದಲ್ಲಿ ನಮಗಿಂತ ಕೆಳಗೆ ಇದ್ದದ್ದು ಯಾದಗಿರಿ ಒಂದೇ. ಈ ಅಂಕಿಯನ್ನು ನಾವು ಭಾಷಣದಲ್ಲಿ ಹೇಳುತ್ತೇವೆ, ಚಪ್ಪಾಳೆ ತಗೊಳ್ಳುತ್ತೇವೆ. ಆದರೆ ಆ ಅಂಕಿ ಒಬ್ಬ ಹುಡುಗನ ಮುಖವಾಗಿ ಎದುರಿಗೆ ಕೂತಾಗ ಅವನ ಕೈಗೆ 84 ಪುಟ ಕೊಟ್ಟು ಗಟ್ಟಿಯಾಗಿ ಓದು ಅಂದವನು ನಾನು. ಸಾಲೆಯಲ್ಲಿ ಆದ ಅವಮಾನವನ್ನೇ ನಮ್ಮ ಭವನದಲ್ಲಿ, ಅದೂ ಬಾಬಾಸಾಹೇಬರ ಫೋಟೋದ ಕೆಳಗೆ, ಇನ್ನೊಮ್ಮೆ ಮಾಡಿದೆ.

ಹಾಗಾಗಿ ವಿಡಿಯೋಗೆ ಸಲ್ಲಬೇಕಾದ್ದನ್ನು ಸಲ್ಲಿಸಿಯೇ ಮುಂದೆ ಹೋಗುತ್ತೇನೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯಿತು. ಅದಕ್ಕೂ ಮೊದಲು ಈ ಕೆಲಸ ಕಲಿಯೋ ದಾರಿ ಯಾವುದಿತ್ತು? ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್ ಎರಡು ವರ್ಷದ್ದು, ಸೇರಬೇಕಂದ್ರೆ ಹತ್ತನೇ ಕ್ಲಾಸ್ ಪಾಸಾಗಿರಬೇಕು. ಏಳನೇತ್ತಕ್ಕೆ ಬಿಟ್ಟವನಿಗೆ ಅಲ್ಲಿ ಜಾಗ ಇಲ್ಲ. ಉಳಿದದ್ದು ಉಸ್ತಾದ್. ಎರಡು ವರ್ಷ ಚಹಾ ತಂದು, ಅಂಗಡಿ ಕಸ ಹೊಡೆದು, ಬೋರ್ಡ್ ಬ್ರಷ್ ಮಾಡಿಕೊಡುತ್ತಾ ಕೂತರೆ ಒಂದು ದಿನ ಕೈಗೆ ಕಬ್ಬಿಣ ಕೊಡುತ್ತಿದ್ದರು. ಮುಖ್ಯವಾದ ಕೆಲಸ ಬಂದಾಗ "ಹೋಗಿ ಬೀಡಿ ತಗೊಂಬಾ" ಅಂತ ಕಳಿಸುತ್ತಿದ್ದರು. ಒಳ್ಳೆ ಉಸ್ತಾದರೂ ಇದ್ದರು. ನನಗೆ ರೇಡಿಯೋ, ಟೇಪ್ ರೆಕಾರ್ಡರ್ ಕಲಿಸಿದ ಸಾಬರು ನನ್ನ ಕೇರಿ ಯಾವುದು ಅಂತ ಒಂದು ದಿನ ಕೇಳಲಿಲ್ಲ, ತಮ್ಮ ಬುತ್ತಿಯಲ್ಲೇ ಉಣ್ಣಿಸಿದರು. ಆದರೆ "ಗಿರಾಕಿಗಳು ಏನಂತಾರೋ" ಅಂತ ನಮ್ಮ ಹುಡುಗರನ್ನು ಕೌಂಟರಿಗೆ ಕೂಡಿಸದ ಅಂಗಡಿಗಳನ್ನೂ ನೋಡಿದ್ದೇನೆ.

ವಿಡಿಯೋ ಯಾವ ಕೇರಿ ಅಂತ ಕೇಳಲಿಲ್ಲ. ಓದು ಅಂತ ಎಬ್ಬಿಸಲಿಲ್ಲ. ಹತ್ತು ಸಲ ಹಿಂದಕ್ಕೆ ಎಳೆದು ನೋಡಿದರೂ ಬೈಯಲಿಲ್ಲ. ನಮ್ಮಕ್ಕನ ಮಗ ಹಿಂದಿಯಲ್ಲೂ ತೆಲುಗಿನಲ್ಲೂ ನೋಡಿ ನೋಡಿಯೇ ಅಂಗಡಿ ಹಾಕಿದ್ದು. ಬರೆದು ಹೇಳಲಾಗದ ಎಷ್ಟೋ ಸಂಗತಿ ಅದರಲ್ಲಿವೆ. ಸೀಸ ಕರಗಿ ಕನ್ನಡಿ ಹಾಗೆ ಹೊಳೆಯೋ ಆ ಗಳಿಗೆ, ಕಬ್ಬಿಣವನ್ನು ಎಷ್ಟು ಓರೆ ಹಿಡಿಯಬೇಕು, ಐಸಿ ಕೆಳಗಿನ ಸೀಸ ಕರಗಿದಾಗ ಚಿಮುಟದಿಂದ ಮೆಲ್ಲಗೆ ಮುಟ್ಟಿದರೆ ಅದು ಅಲುಗಿ ತಾನೇ ಜಾಗಕ್ಕೆ ಬರೋದು. ಇದನ್ನು ನಾನು ಎಷ್ಟು ಪುಟ ಬರೆದರೂ ಕಣ್ಣಿಗೆ ಕಟ್ಟಲ್ಲ. ಕೈಯ ವಿದ್ಯೆಯನ್ನು ಕಣ್ಣಿಂದಲೇ ಕಲಿಯಬೇಕು.

ಆದರೆ ರಿಪೇರಿ ಅನ್ನೋದರಲ್ಲಿ ಕೈ ಅರ್ಧ ಮಾತ್ರ. ಇನ್ನರ್ಧ ಅಳತೆ.

ಒಂದು ಡೆಡ್ ಫೋನ್ ಬಂತು ಅಂದುಕೊಳ್ಳಿ. ವಿಡಿಯೋದಲ್ಲಿ ಅದೇ ಮಾಡೆಲ್ ಹುಡುಕುತ್ತೇವೆ. ಅವನು ಒಂದು ಐಸಿ ತೋರಿಸಿ, ಹಾಟ್ ಏರ್ 360ಕ್ಕೆ ಇಡು, ಬಿಸಿ ಕೊಡು ಅನ್ನುತ್ತಾನೆ. ನಾವೂ ಕೊಡುತ್ತೇವೆ. ಕೆಲವು ಸಲ ಫೋನ್ ಏಳುತ್ತದೆ, ಕೆಲವು ಸಲ ಬೋರ್ಡೇ ಸುಡುತ್ತದೆ. ಎದ್ದರೆ ಯಾಕೆ ಎದ್ದಿತು ಗೊತ್ತಿಲ್ಲ, ಸುಟ್ಟರೆ ಯಾಕೆ ಸುಟ್ಟಿತು ಗೊತ್ತಿಲ್ಲ. 360 ಅನ್ನೋದು ಅವನ ಮಷಿನ್ನಿನ ನಂಬರು. ಅವನ ನಾಜಲ್ ಬೇರೆ, ಹಿಡಿದ ದೂರ ಬೇರೆ, ಗಾಳಿಯ ಜೋರು ಬೇರೆ. ಸೀಸ ಬೆರೆತ ಹಳೆ ಸೋಲ್ಡರ್ ಕರಗೋದು 183 ಡಿಗ್ರಿಗೆ. ಈಗಿನ ಫೋನುಗಳಲ್ಲಿರೋ ಸೀಸ ಇಲ್ಲದ ಸೋಲ್ಡರ್ ಕರಗೋಕೆ ಸುಮಾರು 217 ಬೇಕು. ಈ ಎರಡು ನಂಬರ್ ತಲೆಯಲ್ಲಿದ್ದರೆ ನಿನ್ನ ಮಷಿನ್ ಎಷ್ಟಕ್ಕೆ ಇಡಬೇಕು ಅಂತ ನೀನೇ ಕೆಟ್ಟ ಬೋರ್ಡ್ ಮೇಲೆ ಪರೀಕ್ಷೆ ಮಾಡಿಕೊಳ್ಳಬಹುದು. ಅವನ 360 ಒಂದೇ ಗೊತ್ತಿದ್ದರೆ ಅವನ ಮಷಿನ್ ಇಲ್ಲದೆ ನೀನು ಕೈಲಾಗದವನು.

ಇದರ ಹಿಂದೆ ದುಡ್ಡಿನ ಲೆಕ್ಕಾನೂ ಇದೆ. ನಮ್ಮ ಹುಡುಗರು ಬಹುತೇಕ ಎಲ್ಲಿ ನಿಂತಿದ್ದಾರೆ ನೋಡಿ. ಡಿಸ್‌ಪ್ಲೇ ಬದಲಿಸೋದು, ಬ್ಯಾಟರಿ ಬದಲಿಸೋದು, ಚಾರ್ಜಿಂಗ್ ಪಿನ್ ಹಾಕೋದು. ಡಿಸ್‌ಪ್ಲೇ ಕೆಲಸದಲ್ಲಿ ದೊಡ್ಡ ಪಾಲು ಸಾಮಾನು ಮಾರುವವನಿಗೇ ಹೋಗುತ್ತದೆ, ಹಾಕಿಕೊಟ್ಟವನಿಗೆ ನೂರೈವತ್ತೋ ಇನ್ನೂರೋ. ಬೋರ್ಡ್ ಕೆಲಸ ಬಂದ ಕೂಡಲೇ ಅದನ್ನು ಕವರಿನಲ್ಲಿ ಹಾಕಿ ರಾಯಚೂರಿಗೋ ಹೈದರಾಬಾದಿಗೋ ಕಳಿಸುತ್ತಾರೆ. ಅಲ್ಲಿ ಕೂತವನ ಮುಂದೆ ಏನಿದೆ? ಸ್ಕೀಮ್ಯಾಟಿಕ್ ಇದೆ. ಯಾವ ಲೈನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಎಷ್ಟು ವೋಲ್ಟ್ ಇರಬೇಕು ಅಂತ ಬರೆದ ನಕ್ಷೆ. ಅವನು ಓದುತ್ತಾನೆ, ನಾವು ನೋಡುತ್ತೇವೆ. ಅವನ ಕೂಲಿ ನಮ್ಮ ಕೂಲಿಯ ನಾಲ್ಕು ಪಟ್ಟು.

ಆ ನಕ್ಷೆಗಳನ್ನು ಎಷ್ಟೋ ಕಂಪನಿಗಳು ಹೊರಗೆ ಕೊಡೋದೇ ಇಲ್ಲ. ರಿಪೇರಿಯ ಬರಹ ಎಲ್ಲರಿಗೂ ಸಿಗಬೇಕು ಅಂತ ಜಗತ್ತಿನಾದ್ಯಂತ ಹೋರಾಟ ನಡೆದಿದೆ. ಫ್ರಾನ್ಸಿನಲ್ಲಿ 2021ರಿಂದ ಫೋನು, ಲ್ಯಾಪ್‌ಟಾಪು, ಟಿವಿ ಮುಂತಾದವುಗಳ ಮೇಲೆ ಇದನ್ನು ಎಷ್ಟರ ಮಟ್ಟಿಗೆ ರಿಪೇರಿ ಮಾಡಬಹುದು ಅಂತ ಅಂಕ ಹಾಕೋದು ಕಡ್ಡಾಯ ಆಯಿತು. ಆ ಅಂಕ ಕೊಡುವಾಗ ರಿಪೇರಿ ದಾಖಲೆ ಸಿಗುತ್ತದಾ ಅನ್ನೋದನ್ನೂ ನೋಡುತ್ತಾರೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಆ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಅಲ್ಲಿ ಕೇಳುತ್ತಿರೋದು ವಿಡಿಯೋ ಅಲ್ಲ, ಮ್ಯಾನುಯಲ್. ಯಾವುದನ್ನು ಬೀಗ ಹಾಕಿ ಇಡುತ್ತಾರೋ ಅದರಲ್ಲೇ ಶಕ್ತಿ ಇದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓದಿನ ಮೇಲೆ ಬೀಗ ಹಾಕಿಸಿಕೊಂಡ ಜನ ನಾವು.

ಇಲ್ಲಿ ನಮ್ಮ ಮುತ್ಯಾನ ನೆನಪು ಬರುತ್ತದೆ. ಮುತ್ಯಾ ಚರ್ಮ ಹದ ಮಾಡುತ್ತಿದ್ದ. ಸುಣ್ಣದ ನೀರಲ್ಲಿ ಎಷ್ಟು ದಿನ ನೆನೆಸಬೇಕು, ಕೂದಲು ಯಾವಾಗ ಬಿಡುತ್ತದೆ, ತಂಗಡಿ ತೊಗಟೆಯ ಕಷಾಯ ಎಷ್ಟು ಗಟ್ಟಿ ಇರಬೇಕು, ಚಳಿಗಾಲಕ್ಕೆ ಎಷ್ಟು, ಬ್ಯಾಸಿಗಿಗೆ ಎಷ್ಟು, ಎಲ್ಲ ಅವನ ಮೂಗು ಮತ್ತು ಬೆರಳಿಗೆ ಗೊತ್ತಿತ್ತು. ಅದು ಪಕ್ಕಾ ರಸಾಯನಶಾಸ್ತ್ರ. ಆದರೆ ಒಂದು ಅಕ್ಷರ ಬರೆದಿಡಲಿಲ್ಲ, ಬರೆಯೋಕೆ ಬರುತ್ತಿರಲಿಲ್ಲ, ಬರೆಯೋಕೆ ಬಿಟ್ಟಿರಲಿಲ್ಲ. 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯಿತು. ಹದ ಮಾಡೋದು ಪಠ್ಯವಾಯಿತು, ಡಿಪ್ಲೊಮಾ ಆಯಿತು, ಡಿಗ್ರಿ ಆಯಿತು. ಆ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇಷ್ಟೇ: ಅದೇ ಕೆಲಸ ಬರೆದವನ ಕೈಯಲ್ಲಿ ವಿಜ್ಞಾನ ಆಯಿತು, ಬರೆಯದ ನಮ್ಮ ಮುತ್ಯಾನ ಕೈಯಲ್ಲಿ ಹೊಲಸು ಆಗಿಯೇ ಉಳಿಯಿತು. ನಾತ ಮಾತ್ರ ನಮ್ಮ ಪಾಲಿಗೆ ಬಂತು.

ಈಗ ನಮ್ಮ ಹುಡುಗರ ಕೈಗೆ ಇನ್ನೊಂದು ವಿದ್ಯೆ ಬಂದಿದೆ. ಇದನ್ನೂ ಬರೆಯದೆ ಬಿಟ್ಟರೆ ಇದೂ ಹಾಗೇ ಹೋಗುತ್ತದೆ. ಹತ್ತು ವರ್ಷ ರಿಪೇರಿ ಮಾಡಿದವನು ಅಂಗಡಿ ಮುಚ್ಚಿ ಗುಳೆ ಹೋದರೆ ಅವನ ಹತ್ತು ವರ್ಷವೂ ಅವನ ಜೊತೆಗೇ ಬಸ್ಸು ಹತ್ತುತ್ತದೆ.

ಇನ್ನೊಂದು ಸಂಗತಿ. ಇದನ್ನು ನನಗೆ ಹೇಳಿಕೊಟ್ಟಿದ್ದು ನಮ್ಮ ಓಣಿಯ ಒಬ್ಬ ಹುಡುಗಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ. ರಿಪೇರಿ ಕಲೀಬೇಕು ಅಂತ ಆಸೆ. ವಿಡಿಯೋ ನೋಡವ್ವ ಅಂದೆ. "ಯಾರ ಫೋನಿನಾಗ ನೋಡ್ಲಿ ಕಾಕಾ? ಮನಿಗೆ ಒಂದೇ ದೊಡ್ಡ ಫೋನು, ಅದು ಅಣ್ಣನ ಜೇಬಿನಾಗ ಇರ್ತದ. ರಾತ್ರಿ ಅವ ಬರೋತನ ಕಾದು ಕೇಳಿದ್ರ, ನಿನಗ್ಯಾಕ ಫೋನು ಅಂತ ಅವ್ವನೇ ಬೈತಾಳ. ನೀ ಬರದಿರೋ ಹಾಳಿ ಕೊಡು. ಹಾಳಿಗೆ ಯಾರೂ ಏನೂ ಅನ್ನಲ್ಲ."

ವಿಡಿಯೋ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ ಅಂತ ನಾವು ಮಾನ್ವಿಯಲ್ಲಿ ಕೂತು ತೀರ್ಮಾನ ಮಾಡಿದಾಗ ಆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಪುಕ್ಕಟೆಯೂ ಅಲ್ಲ. 2024ರ ಜುಲೈನಲ್ಲಿ ಕಂಪನಿಗಳು ಒಟ್ಟಿಗೆ ರೇಟ್ ಏರಿಸಿದ ಮೇಲೆ ರಿಚಾರ್ಜ್ ಮುಗಿದ ದಿನ ಪಾಠವೂ ಮುಗಿಯಿತು ಅನ್ನೋ ಮನೆಗಳು ನಮ್ಮಲ್ಲೇ ಎಷ್ಟಿಲ್ಲ? ಹಾಳೆಗೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಅಣ್ಣನ ಅಪ್ಪಣೆ ಬೇಡ.

ಹಾಗಂತ ಮತ್ತೆ 84 ಪುಟ ಅಚ್ಚು ಹಾಕಿಸೋ ಮಾತಲ್ಲ ಇದು. ಒಂದು ದೂರಿಗೆ ಒಂದೇ ಹಾಳೆ ಇರಲಿ. ಗಟ್ಟಿಯಾಗಿ ಓದಿಸೋಕಲ್ಲ, ಬೆಂಚಿನ ಎದುರು ಗೋಡೆಗೆ ಅಂಟಿಸೋಕೆ. ಅಳಿಯನ ಅಂಗಡಿಯಲ್ಲಿ ಈಗ ಎರಡು ಹಾಳೆ ಅಂಟಿಸಿದ್ದೇವೆ. ಮೊದಲನೆಯದು ಟಿವಿ ಬೋರ್ಡಿನದು, ಕೆಂಪು ಪೆನ್ನಿನಲ್ಲಿ:

ಪ್ಲಗ್ ತೆಗಿ.
ದೊಡ್ಡ ಕೆಪಾಸಿಟರಿನ ಎರಡು ಕಾಲಿಗೆ ಹೋಲ್ಡರ್ ಬಲ್ಬಿನ ವೈರ್ ತಾಗಿಸಿ ಖಾಲಿ ಮಾಡು. ವೈರಿನ ಬರಿ ತುದಿಗೆ ಬೆರಳು ತಾಗಬಾರದು.
ಮೀಟರ್ ಇಟ್ಟು ಸೊನ್ನೆ ಬಂತಾ ನೋಡು.
ಸೊನ್ನೆ ಬಂದ ಮೇಲೆ ಕೈ ಹಾಕು.

ಎರಡನೆಯದು ಡೆಡ್ ಫೋನಿನದು:

ಮೊದಲು ಗಿರಾಕಿಯನ್ನು ಕೇಳು: ನೀರಿಗೆ ಬಿದ್ದಿತ್ತಾ? ಕೆಳಗೆ ಬಿದ್ದಿತ್ತಾ? ಬೇರೆ ಅಂಗಡಿಯಲ್ಲಿ ಬಿಚ್ಚಿದ್ದರಾ?
ಅಳತೆ ಒಂದು: ಬ್ಯಾಟರಿ ವೋಲ್ಟೇಜ್. 3.7ರ ಆಸುಪಾಸು ಇದ್ದರೆ ಬ್ಯಾಟರಿಯಲ್ಲಿ ಚಾರ್ಜ್ ಇದೆ. 3ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ನೋಡು.
ಅಳತೆ ಎರಡು: ಬ್ಯಾಟರಿ ಕಳಚಿ ಮೀಟರ್ ಡಯೋಡ್ ಮೋಡಿಗೆ ಹಾಕು. ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪು ಪ್ರೋಬ್ ಬೋರ್ಡಿನ ಬ್ಯಾಟರಿ ಕನೆಕ್ಟರ್ ಪ್ಲಸ್ಸಿಗೆ. ಸೊನ್ನೆ ಹತ್ತಿರ ಬಂದರೆ ಲೈನ್ ಶಾರ್ಟ್. ರೀಡಿಂಗ್ ಬಂದರೆ ಅದೇ ಮಾಡೆಲಿನ ಒಳ್ಳೆ ಬೋರ್ಡಿನ ರೀಡಿಂಗ್ ಜೊತೆ ಹೋಲಿಸು.
ಅಳತೆ ಮೂರು: ಶಾರ್ಟ್ ಇಲ್ಲ ಅಂತ ಖಾತ್ರಿ ಆದರೆ ಡಿಸಿ ಸಪ್ಲೈಯಿಂದ 4 ವೋಲ್ಟ್ ಕೊಡು. ಪವರ್ ಬಟನ್ ಒತ್ತೋ ಮೊದಲೇ ಆಂಪಿಯರ್ ಎದ್ದರೆ ಎಲ್ಲೋ ಲೀಕೇಜ್ ಇದೆ. ಒತ್ತಿದರೂ ಏಳದಿದ್ದರೆ ಬಟನ್ ಲೈನ್ ನೋಡು.
ಮೂರು ಅಳತೆ ಆಗದೆ ಹಾಟ್ ಏರ್ ಮುಟ್ಟಬೇಡ.

ಇಷ್ಟೇ. ಧಾರಕ ಇಲ್ಲ, ರೋಧಕ ಇಲ್ಲ. ಫ್ಯಾನಿನ ಕಂಡೆನ್ಸರ್‌ಗೆ ಕಂಡೆನ್ಸರ್ ಅಂತಲೇ ಬರೆಯೋಣ, ಶಾರ್ಟಿಗೆ ಶಾರ್ಟ್ ಅಂತಲೇ. ಹುಡುಗರ ಬಾಯಲ್ಲಿರೋ ಮಾತೇ ಕನ್ನಡ. ಓದೋಕೆ ತಡವರಿಸೋನೂ ಈ ಹಾಳೆ ಓದುತ್ತಾನೆ, ಯಾಕಂದ್ರೆ ಅರ್ಧ ಪದ ಅವನಿಗೆ ಗೊತ್ತಿರೋವೇ. ದಿನಕ್ಕೆ ನಾಲ್ಕು ಸಲ ಅದೇ ಗೋಡೆ ನೋಡಿ ನೋಡಿ ಓದೂ ಸರಾಗ ಆಗುತ್ತದೆ. ಏಳನೇತ್ತಕ್ಕೆ ನಿಂತದ್ದು ಅಲ್ಲಿಂದಲೇ ಮುಂದೆ ನಡೆಯಬಹುದು.

"ತಿಂಗಳಿಗೊಂದು ಹೊಸ ಮಾಡೆಲ್ ಬರ್ತದಲ್ಲಣ್ಣ, ನಿನ್ನ ಹಾಳಿ ಹಳೇದಾಗ್ತದ" ಅಂತ ಕೇಳುವವರಿಗೆ: ಹಳೆಯದಾಗೋದು ಮಾಡೆಲ್ ನೋಡಿ ಮಾಡಿದ ವಿಡಿಯೋ. ಶಾರ್ಟ್ ಹುಡುಕೋ ರೀತಿ ನಾನು ಟೇಪ್ ರೆಕಾರ್ಡರ್ ಬಿಚ್ಚುತ್ತಿದ್ದ ಕಾಲದಲ್ಲೂ ಇದೇ, ನಾಳೆ ಬರೋ ಫೋನಿಗೂ ಇದೇ.

ವಿಡಿಯೋ ಬಿಡೋದೂ ಬೇಡ. ಹಾಳೆಯ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಹಾಕೋಣ. ಅದನ್ನು ಸ್ಕ್ಯಾನ್ ಮಾಡಿದರೆ ನಮ್ಮದೇ ಹುಡುಗ ನಮ್ಮದೇ ಮಾತಿನಲ್ಲಿ ಎರಡು ನಿಮಿಷ ಕೈ ಹೇಗೆ ಹಿಡಿಯಬೇಕು ಅಂತ ತೋರಿಸಲಿ. ಕಟ್ ಇಲ್ಲದೆ. ಅಳತೆ ಹಾಳೆಯಲ್ಲಿರಲಿ, ಕೈ ವಿಡಿಯೋದಲ್ಲಿರಲಿ. ಕಾರಣ ಎರಡರಲ್ಲೂ ಇರಲಿ.

ಹೋದ ಭಾನುವಾರ ಮೂರನೇ ಹಾಳೆ ಶುರು ಮಾಡಿದೆವು. ಮೂವತ್ತು ವರ್ಷದಿಂದ ಮೋಟಾರು, ಸ್ಟಾರ್ಟರ್ ರಿಪೇರಿ ಮಾಡೋ ನಮ್ಮ ಕಾಕಾ ಒಬ್ಬರಿದ್ದಾರೆ. ಸಹಿ ಮಾಡೋಕೆ ಮಾತ್ರ ಬರುತ್ತದೆ. ಅವರು ಹೇಳಿದರು, ಆ ಪಿಯುಸಿ ಹುಡುಗಿ ಬರೆದಳು. ನಡುನಡುವೆ ಅವಳು ತಡೆದು ಕೇಳುತ್ತಿದ್ದಳು. "ಯಾಕ ಮುತ್ಯಾ? ಮೊದಲು ಅದ್ಯಾಕ ನೋಡ್ಬೇಕು?" ಕಾಕಾ ಎರಡು ಕಡೆ ಸುಮ್ಮನೆ ಕೂತು ಯೋಚನೆ ಮಾಡಿದರು. ಮೂವತ್ತು ವರ್ಷದಲ್ಲಿ ಯಾಕೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ಬರೆದು ಮುಗಿದ ಮೇಲೆ "ಇನ್ನೊಮ್ಮಿ ಓದವ್ವ" ಅಂದರು. ಅವಳು ಓದಿದಳು. "ಇದು ನಾ ಹೇಳಿದ್ದೇ ಅದ" ಅಂದರು. ಆಮೇಲೆ ಕೆಳಗೆ ತಮ್ಮ ಸಹಿ ಹಾಕಿದರು.

ನಮ್ಮ ಬ್ಯಾನರ್ ಮೇಲೆ ಶಿಕ್ಷಣ, ಸಂಘಟನೆ, ಹೋರಾಟ ಅಂತ ಇರುತ್ತದೆ. ಮೊದಲನೇ ಪದವನ್ನು ನಾವು ಮಾರ್ಕ್ಸ್ ಕಾರ್ಡ್ ಅಂತ ತಿಳಿದುಕೊಂಡು ಬಹಳ ವರ್ಷ ಆಯಿತು. ತನಗೆ ಗೊತ್ತಿರೋದನ್ನು ತಾನೇ ಬರೆದು, ಕೆಳಗೆ ತನ್ನ ಸಹಿ ಹಾಕೋದೂ ಶಿಕ್ಷಣವೇ.

ಅದಕ್ಕೆ ಸಂಗಾತಿಗಳಲ್ಲಿ ಒಂದು ಬೇಡಿಕೆ. ಮಾನ್ವಿ, ದೇವದುರ್ಗ, ಸಿಂಧನೂರು, ಲಿಂಗಸುಗೂರು, ಎಲ್ಲೇ ಇರಲಿ, ನಿಮ್ಮ ಕೇರಿಯಲ್ಲಿ ರಿಪೇರಿ ಮಾಡೋ ಒಬ್ಬರು ಇದ್ದೇ ಇರುತ್ತಾರೆ. ಒಂದು ಭಾನುವಾರ ಅವರ ಹತ್ತಿರ ಹೋಗಿ ಕೂತುಕೊಳ್ರಿ. ಒಂದು ದೂರು, ಒಂದು ಹಾಳೆ. ಅವರು ಹೇಳಲಿ, ನೀವು ಬರೆಯಿರಿ. "ಯಾಕೆ" ಅಂತ ಕೇಳೋದು ಮರೀಬೇಡಿ. ಕೆಳಗೆ ಅವರದೇ ಹೆಸರು ಇರಲಿ, ನಮ್ಮ ಸಂಘಟನೆಯದ್ದಲ್ಲ. ಫೋಟೋ ತೆಗೆದು ನನಗೆ ಕಳಿಸಿ, ಇಲ್ಲಾಂದ್ರೆ ನಿಮ್ಮ ಗೋಡೆಗೇ ಅಂಟಿಸಿ. ಐವತ್ತು ಹಾಳೆ ಆದರೆ ಹೊಲಿದು ಪುಸ್ತಕ ಮಾಡೋಣ.

ಅಳಿಯ ಮತ್ತೆ ಅಂಗಡಿ ತೆಗೆದಿದ್ದಾನೆ. ಬೆರಳಿನ ಪಟ್ಟಿ ಬಿಚ್ಚಿಲ್ಲ ಇನ್ನೂ. ನಿನ್ನೆ ಹೋದಾಗ ಒಂದು ಟಿವಿ ಬೋರ್ಡ್ ಮುಂದಿತ್ತು. ಬಲ್ಬ್ ತಾಗಿಸಿದ, ಮೀಟರ್ ಇಟ್ಟ, ಗೋಡೆ ನೋಡಿದ, ನನ್ನ ಕಡೆ ತಿರುಗಿ "ಸೊನ್ನಿ ಬಂತು ಮಾಮಾ" ಅಂದ.

ಜೈಭೀಮ್.